ಎರಡನೆಯ ಶಾಖೆಯ ಎಂಜಲು

ಟೈರಿನವನು ಆ ಮಾತನ್ನು ಸಿಟ್ಟಿನಲ್ಲಿ ಆಡಿದ್ದರೆ ಕ್ಷಮಿಸಿಬಿಡಬಹುದಿತ್ತು. ಅವನು ಅದನ್ನು ಬಿಸ್ಕತ್ತು ಅಗಿಯುತ್ತ ಆಡಿದ.

"ನಾನು ಯಜಮಾನ ಆದ ವಾರಕ್ಕೇ ಮೇಲಿನ ಮಹಡಿ ಖಾಲಿ ಮಾಡಿಸ್ತೀನಿ. ಅಷ್ಟೂ ಕಾಗದ ತೂಕಕ್ಕೆ ಹಾಕಿದ್ರೆ ಗೋಡೆಗೆ ಸುಣ್ಣಕ್ಕಾದ್ರೂ ಆಗುತ್ತೆ. ಏನು ದಫ್ತರದಣ್ಣ, ತಪ್ಪಾ ನಾನು ಹೇಳಿದ್ದು?"

ಸುತ್ತ ಕೂತಿದ್ದ ನೆಂಟರು ನಕ್ಕರು. ದಫ್ತರದಣ್ಣನೂ ನಕ್ಕ. ಕೀಳು ಹಾಸ್ಯಕ್ಕೆ ನಗುವುದು ಒಂದು ಬಗೆಯ ದಾನವೆಂದು ಅವನು ತಿಳಿದಿದ್ದ. ಕೊಟ್ಟ ದಾನವನ್ನು ತಾರೀಖಿನ ಸಮೇತ ನೆನಪಿಟ್ಟುಕೊಳ್ಳುವುದು ಅವನ ಸ್ವಭಾವ.

ಮೇಲಿನ ಮಹಡಿಯೆಂದರೆ ಅವನ ಇಪ್ಪತ್ತಮೂರು ವರ್ಷ. ಆ ಮನೆತನದ ಮೂಲಪುರುಷ ಬೀಗ ಮಾಡುವವನು. ತಾನು ಮಾಡಿದ ಒಂದೊಂದು ಬೀಗದ ಹೊಟ್ಟೆಯ ಮೇಲೂ ತನ್ನ ಅಡ್ಡಹೆಸರನ್ನು ಕೆತ್ತಿದ; ಕೀಲಿ ಕಳೆದುಕೊಂಡವರೆಲ್ಲ ಆ ಹೆಸರನ್ನು ಓದಿ ಓದಿ ಬೈದದ್ದರಿಂದ ಅದು ಪ್ರಸಿದ್ಧವಾಯಿತು. ಅವನಿಗೆ ಐವರು ಗಂಡುಮಕ್ಕಳು, ಅವರಿಂದ ಐದು ಶಾಖೆ. ಅವನು ಕಟ್ಟಿಸಿದ ಮನೆ ಈಗ ಮನೆತನದ ಸಂಘದ ಸ್ವತ್ತು. ಕೆಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಬೀಗಗಳ ಪ್ರದರ್ಶನ; ಮೇಲೆ ದಫ್ತರದ ಕೋಣೆ, ಅದಕ್ಕೆ ಅಂಟಿಕೊಂಡಂತೆ ದಫ್ತರದಣ್ಣನ ಮಂಚ, ಒಲೆ ಮತ್ತು ಬ್ರಹ್ಮಚರ್ಯ. ಎರಡನೆಯ ಶಾಖೆಯಲ್ಲಿ ಉಳಿದ ಗಂಡಸು ಅವನೊಬ್ಬನೇ. ಅಡ್ಡಹೆಸರಿನ ಹುಟ್ಟು, ಮದುವೆ, ಸಾವುಗಳನ್ನೆಲ್ಲ ಹೆಕ್ಕಿ ತೆಗೆದು, ಹಸಿರು ಬಟ್ಟೆಯ ನಲವತ್ತೊಂದು ಕಡತಗಳಲ್ಲಿ ಕಟ್ಟಿಟ್ಟಿದ್ದ. ಆ ಕಡತಗಳಲ್ಲಿ ಇರುವ ಸತ್ತವರ ಬಗ್ಗೆ ಅವನಿಗೆ ಅಪಾರ ಗೌರವವಿತ್ತು. ಬದುಕಿರುವವರು ಅವರಿಗೆ ತಕ್ಕವರಲ್ಲವೆಂಬುದೇ ಅವನ ಕೊರಗು.

ಕೊರಗಿಗೆ ಕಾರಣವೂ ಇತ್ತು. ಮೂರನೆಯ ಶಾಖೆಯಲ್ಲಿ ಟೈರು ಮಾರುವವನು. ನಾಲ್ಕನೆಯದರಲ್ಲಿ ಕನ್ನಡಕದ ಅಂಗಡಿಯವನು, ಅವನಿಗೆ ಅವರಜ್ಜನ ಹೆಸರು ನೆನಪಾಗಬೇಕಾದರೆ ಹೆಂಡತಿಯ ಮುಖ ನೋಡಬೇಕು. ಐದನೆಯದರಲ್ಲಿ ಮದುವೆಮನೆಗಳ ಫೋಟೋ ತೆಗೆಯುವವನು, ನಲವತ್ತೊಂದು ಕಡತಗಳ ವಂಶಾವಳಿಯನ್ನು ಒಮ್ಮೆ 'ಆ ಲಿಸ್ಟು' ಎಂದು ಕರೆದಿದ್ದ. ಇವರೆಲ್ಲರ ಮೇಲೆ, ಮೊದಲ ಶಾಖೆಯಲ್ಲಿ, ಎಪ್ಪತ್ತೊಂಬತ್ತು ವರ್ಷದ ಯಜಮಾನರು. ನಿವೃತ್ತ ಭೂಗೋಳ ಮೇಷ್ಟ್ರು, ಮಾತು ಕಡಿಮೆ, ನೆಟ್ಟಗಿನ ಬೆನ್ನು. ಅವರಿಗೆ ಇಬ್ಬರೂ ಹೆಣ್ಣುಮಕ್ಕಳು. ಈಗ ಅವರು ಇಳಿಯುವೆನೆಂದು ಹೇಳಿದ ಮೇಲೆ ಸರದಿ ಎರಡನೆಯ ಶಾಖೆಗೆ, ಎಂದರೆ ದಫ್ತರದಣ್ಣನಿಗೆ, ತಾನಾಗಿ ಬರಬೇಕಿತ್ತು. ಅವನು ಬೇಡವಾದರೆ ಮೂರನೆಯ ಶಾಖೆಗೆ.

"ತಾನಾಗಿ ಯಾಕೆ ಬರಬೇಕು?" ಎಂದು ಟೈರಿನವನು ಎರಡನೆಯ ಬಿಸ್ಕತ್ತು ತೆಗೆದುಕೊಂಡ. "ನಿಯಮದಲ್ಲಿ ರಕ್ತ ಅಂತಿದೆ. ಬರೆದೋನು ನೀನೇ. ಹಂಗಾದ್ರೆ ರಕ್ತಾನೇ ನೋಡಿಬಿಡೋಣ. ಈಗ ಡಿಎನ್‌ಎ ಗಿಎನ್‌ಎ ಅಂತೆಲ್ಲ ಬಂದಿದೆಯಲ್ಲ."

"ರಕ್ತ ಬೇಡ ಚಿಕ್ಕಪ್ಪ, ಎಂಜಲು ಸಾಕು," ಅಂದಳು ಹಲ್ಲಿನ ಡಾಕ್ಟರಮ್ಮ. ಅವಳು ಯಜಮಾನರ ಕಿರಿಮಗಳು; ಯಾರು ಮಾತಾಡಿದರೂ ಅವರ ಬಾಯೊಳಗೆ ನೋಡುವ ಅಭ್ಯಾಸದವಳು. "ಕೆನ್ನೆ ಒಳಗಡೆ ಹತ್ತಿ ಕಡ್ಡಿ ಉಜ್ಜೋದು, ಕಳಿಸೋದು. ನನ್ನ ಕ್ಲಿನಿಕ್‌ನಲ್ಲೇ ಮಾಡಬಹುದು. ಅಪ್ಪನಿಂದ ಮಗನಿಗೆ ಬದಲಾಗದೆ ಇಳಿಯೋ ಒಂದು ತುಣುಕಿದೆ, ಗಂಡಸರಲ್ಲಿ ಮಾತ್ರ. ಅಡ್ಡಹೆಸರು ಇಳಿಯೋ ದಾರೀಲೇ ಅದೂ ಇಳಿಯುತ್ತೆ."

ಎಲ್ಲರೂ ಒಪ್ಪಿದರು. ದಫ್ತರದಣ್ಣ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಒಪ್ಪಿದ. ಬಿಸಿ ಚಹಾ ಅವನ ಮೊಣಕಾಲ ಮೇಲೆ ಚೆಲ್ಲಿದ್ದು ಅವನಿಗೆ ಕೋಣೆಗೆ ಹೋದ ಮೇಲೆ ಗೊತ್ತಾಯಿತು.

ನಿಯಮ ಬರೆದವನು ಅವನೇ, ನಿಜ. ಏಳು ವರ್ಷದ ಹಿಂದೆ ಅದೇ ಅಡ್ಡಹೆಸರಿನ ಪಿಯಾನೊ ಶ್ರುತಿ ಮಾಡುವವನೊಬ್ಬ ಬಂದಿದ್ದ. ತನ್ನ ಮುತ್ತಜ್ಜನೂ ಈ ಮನೆಯಿಂದ ಹೋದವನಂತೆ. ಬೇರೇನೂ ಬೇಡ, ವಂಶವೃಕ್ಷದಲ್ಲಿ ಒಂದು ಕಡ್ಡಿ ಜಾಗ ಸಿಕ್ಕರೆ ಸಾಕಂತೆ. ದಫ್ತರದಣ್ಣ ಅವನನ್ನು ಮೂರು ಗಂಟೆ ಕೂರಿಸಿ, ಒಂದು ಲೋಟ ನೀರೂ ಕೊಡದೆ, ಅವನ ಮುತ್ತಜ್ಜ ಯಾರೂ ಅಲ್ಲವೆಂದು ಆರು ದಾಖಲೆಗಳಿಂದ ಸಾಧಿಸಿ ಕಳಿಸಿದ. ಆ ಉತ್ಸಾಹ ಇಳಿಯುವ ಮುನ್ನವೇ ಹೊಸ ನಿಯಮ ಬರೆದ: ಮೂಲಪುರುಷನ ರಕ್ತದಿಂದ ಗಂಡುಸಂತಾನದ ದಾರಿಯಲ್ಲಿ ಇಳಿದವನಲ್ಲದೆ ಬೇರಾರೂ ಇನ್ನು ಮುಂದೆ ಯಜಮಾನನಾಗತಕ್ಕದ್ದಲ್ಲ, ಈ ಮನೆಯಲ್ಲಿ ವಾಸವಾಗಿರತಕ್ಕದ್ದೂ ಅಲ್ಲ. ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ಒಂದು ಗಳಿಗೆ ಯಜಮಾನರ ಮುಖ ನೋಡಿದರು. "ಬರೀಲಿ ಬಿಡಿ," ಅಂದಿದ್ದರು ಅವರು. ತಮ್ಮ ತಲೆಯಿಂದ ಯೋಚಿಸಲಾರದವರು ಹಿರಿಯರ ಮುಖ ನೋಡುವುದು ಸಹಜವೆಂದು ದಫ್ತರದಣ್ಣ ಅಂದುಕೊಂಡಿದ್ದ.

ಅವನ ಭಯಕ್ಕೆ ಬೇರೆ ಕಾರಣವಿತ್ತು, ಅದು ಅವನಿಗೊಬ್ಬನಿಗೇ ಗೊತ್ತಿತ್ತು. ಕಳೆದ ವರ್ಷ ಮನೆತನದ ಇತಿಹಾಸವನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಯೋಚನೆ ಬಂದಾಗ, ಮೊದಲ ಪುಟದಲ್ಲಿ ಏನಾದರೂ ಹೊಸತಿರಲಿ ಎಂದು ಆಸೆಪಟ್ಟ. ಯಜಮಾನರ ಡಿಎನ್‌ಎ ಗುರುತುಗಳು ಒಂದು ಸಾಲಿನಲ್ಲಿ, ತನ್ನವು ಅದರ ಕೆಳಗೆ, ಅಂಕಿಗೆ ಅಂಕಿ ಸರಿಸಾಟಿ. ಯಾರಿಗೂ ಹೇಳದೆ ಒಂದು ಪರೀಕ್ಷಾಲಯದಿಂದ ಎರಡು ಪೊಟ್ಟಣ ತರಿಸಿದ. ತನ್ನ ಕೆನ್ನೆ ತಾನೇ ಉಜ್ಜಿಕೊಂಡ. ಯಜಮಾನರಿಗೆ ಆಗ ಬಾಯಿಹುಣ್ಣಾಗಿತ್ತು. "ಒಳ್ಳೇ ಮುಲಾಮು ಇದೆ ದೊಡ್ಡಣ್ಣ, ಆ ಅನ್ನಿ" ಎಂದು ಕಡ್ಡಿ ಆಡಿಸಿ ತಂದ. ಹುಣ್ಣು ಎರಡು ದಿನದಲ್ಲಿ ವಾಸಿಯಾಯಿತೆಂದು ಯಜಮಾನರು ಅವನನ್ನು ಹೊಗಳಿದರು ಕೂಡ.

ಫಲಿತಾಂಶ ಬಂತು. ಮೂವತ್ತೇಳು ಗುರುತುಗಳಲ್ಲಿ ಹತ್ತೊಂಬತ್ತು ಬೇರೆ ಬೇರೆ. ಕೆಳಗೆ ಒಂದು ಸಾಲು: ಈ ಇಬ್ಬರು ಗಂಡಸರಿಗೆ ಸಾವಿರಾರು ವರ್ಷಗಳಿಂದೀಚೆಗೆ ಒಬ್ಬನೇ ಪೂರ್ವಜನಿರುವ ಸಾಧ್ಯತೆಯಿಲ್ಲ.

ಅವನು ಆ ಸಾಲನ್ನು ನಿಂತು ಓದಿದ, ಕೂತು ಓದಿದ, ಭೂತಗನ್ನಡಿ ಹಿಡಿದು ಓದಿದ. ಆಮೇಲೆ ಹಸಿರು ಕಡತಗಳನ್ನು ಇಳಿಸಿ ತಾನು ಹೊರಗಿನವನಾದದ್ದು ಯಾವ ತಲೆಮಾರಿನಲ್ಲಿ ಎಂದು ಹುಡುಕತೊಡಗಿದ. ಯಜಮಾನರ ಹುಟ್ಟನ್ನು ಅವರ ತಂದೆ ಸ್ವತಃ ಮನೆಯ ಪುಸ್ತಕದಲ್ಲಿ ಬರೆದಿದ್ದರು: ದಿನ, ಗಳಿಗೆ, ಗಂಡು ಮಗು, ತೂಕ ಇಷ್ಟು. ದುಂಡಗಿನ ಅಕ್ಷರ, ಮಸಿಯ ಒಂದು ಚುಕ್ಕೆಯೂ ಚೆಲ್ಲಿಲ್ಲ. ಮೊದಲ ಶಾಖೆಯನ್ನು ಸಂಶಯಿಸುವುದೆಂದರೆ ಅಳತೆಕೋಲನ್ನೇ ಅಳೆಯಹೊರಟಂತೆ. ಅವನ ತಂದೆಯ ಹುಟ್ಟನ್ನು ಮಾತ್ರ ಯಾರೋ ಗುಮಾಸ್ತ ಬರೆದಿದ್ದ, ಅದೂ ಮೂರು ವಾರ ತಡವಾಗಿ. ಅದೇ ವರ್ಷದ ಬಾಡಿಗೆಯ ಪಟ್ಟಿಯಲ್ಲಿ, ಹಿಂಭಾಗದ ಕೋಣೆಯಲ್ಲಿ, ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನೊಬ್ಬ ವಾಸವಾಗಿದ್ದ.

ಅಷ್ಟು ಸಾಕಾಯಿತು. ಗೋಡೆಯ ಮೇಲಿನ ಫೋಟೋದಲ್ಲಿ ಅವನ ಅಜ್ಜಿಯ ಮುಖಕ್ಕೆ ಮೂವತ್ತು ವರ್ಷದಿಂದ ಇದ್ದ ಗಾಂಭೀರ್ಯ ಒಂದೇ ಮಧ್ಯಾಹ್ನದಲ್ಲಿ ಗುಟ್ಟಾಗಿ ಬದಲಾಯಿತು. ಅಜ್ಜಿಯ ತುಟಿಯ ಒಂದು ಬದಿ ಕೊಂಚ ಮೇಲೆದ್ದಿರುವುದು ಅವನ ಕಣ್ಣಿಗೆ ಈಗ ಬಿತ್ತು. ಅವನು ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿದ. ಕಾಗದ ಸುಡುವುದು ಅವನ ಕೈಯಲ್ಲಾಗದ ಕೆಲಸವಾದ್ದರಿಂದ ಫಲಿತಾಂಶದ ಹಾಳೆಗಳನ್ನು 'ಚರಂಡಿ ದುರಸ್ತಿ' ಎಂಬ ಕಡತದಲ್ಲಿಟ್ಟ. ಈ ಮನೆತನದಲ್ಲಿ ಇತಿಹಾಸವನ್ನೇ ಓದದವರು ಚರಂಡಿಯನ್ನು ಓದುವರೇ. ಪುಸ್ತಕದ ಯೋಚನೆಯನ್ನು ಕಾಗದದ ಗುಣಮಟ್ಟ ಸರಿಯಿಲ್ಲವೆಂದು ಮುಂದಕ್ಕೆ ಹಾಕಿದ.

ವಿಚಿತ್ರವೆಂದರೆ, ತಾನು ಹೊರಗಿನವನೆಂದು ತಿಳಿದ ಮೇಲೂ ಉಳಿದವರ ಮೇಲಿನ ಅವನ ತಿರಸ್ಕಾರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಹೆಚ್ಚೇ ಆಯಿತು. ಅಂಥ ರಕ್ತವಿದ್ದೂ ಟೈರು ಮಾರುತ್ತಾರಲ್ಲ ಎಂದು ಅವನಿಗೆ ಅನ್ನಿಸಿತು. ರಕ್ತವಿಲ್ಲದೆಯೂ ಮನೆತನವನ್ನು ಹೊತ್ತವನು ತಾನು. ಇದ್ದೂ ಬಿಸ್ಕತ್ತು ತಿನ್ನುವವರು ಅವರು. ಇದು ಮೋಸ ಎನ್ನುವುದಾದರೆ, ಮೋಸಕ್ಕೂ ಒಂದು ಅರ್ಹತೆ ಬೇಕು, ಅದು ಈ ಕುಟುಂಬದಲ್ಲಿ ತನಗೊಬ್ಬನಿಗೇ ಇದೆ ಎಂದು ತೀರ್ಮಾನಿಸಿದ.

ತೀರ್ಮಾನವಾದ ಮೇಲೆ ಅವನು ಕೆಲಸವನ್ನು ಕೆಲಸದಂತೆ ಹಿಡಿದ. ಮೊದಲ ಪ್ರಶ್ನೆ, ಯಾರ ಎಂಜಲು. ತನ್ನದು ಹೋಗುವಂತಿಲ್ಲ. ತನ್ನ ಹೆಸರಿನ ನಳಿಕೆಯಲ್ಲಿ ಅಸಲಿ ರಕ್ತದವನೊಬ್ಬನ ಕಡ್ಡಿ ಹೋಗಬೇಕು. ಟೈರಿನವನದು? ಆ ಯೋಚನೆಗೇ ಅವನು ಬಾಯಿ ಮುಕ್ಕಳಿಸಿದ. ಕಾಗದದ ಮೇಲಾದರೂ ಸರಿ, ಟೈರಿನವನ ಎಂಜಲನ್ನು ತನ್ನದೆಂದು ಹೇಳಿಕೊಂಡು ಬದುಕುವುದಕ್ಕಿಂತ ಕ್ಲಾರಿನೆಟ್ಟೇ ಮೇಲು. ಕನ್ನಡಕದವನು ಬಾಯಿ ತೆರೆದುಕೊಂಡು ಉಣ್ಣುವವನು. ಫೋಟೋದವನ ಬಾಯಿಂದ 'ಲಿಸ್ಟು' ಎಂಬ ಶಬ್ದ ಬಂದಿತ್ತು. ಕಳ್ಳತನ ಮಾಡುವುದೇ ಆದರೆ ಮೊದಲ ಶಾಖೆಯಲ್ಲೇ ಮಾಡಬೇಕು. ಯಜಮಾನರದೇ ಸರಿ.

ಎರಡನೆಯ ಪ್ರಶ್ನೆ, ಇಬ್ಬರ ಫಲಿತಾಂಶ ಅಂಕಿಗೆ ಅಂಕಿ ಒಂದೇ ಬಂದರೆ ಯಾರಿಗಾದರೂ ಅನುಮಾನ ಬಂದೀತೆ? ಅವನು ಎರಡು ವಾರ ಗ್ರಂಥಾಲಯದಲ್ಲಿ ಕೂತು ಓದಿದ. ಬರುವುದಿಲ್ಲ. ಅಪ್ಪನಿಂದ ಮಗನಿಗೆ ಆ ತುಣುಕು ಇಳಿಯುವಾಗ ಅಪರೂಪಕ್ಕೊಮ್ಮೆ ಒಂದು ಅಂಕಿ ಜಾರುತ್ತದೆ. ನಾಲ್ಕೈದು ತಲೆಮಾರು ದೂರದ ದಾಯಾದಿಗಳಲ್ಲಿ ಮೂವತ್ತೇಳಕ್ಕೆ ಮೂವತ್ತೇಳೂ ಸರಿಹೊಂದುವುದು ಸಾಮಾನ್ಯ. ಬೇರೆ ಬಗೆಯ ಪರೀಕ್ಷೆ ಮಾಡಿದರೆ ಮಾತ್ರ ಇಬ್ಬರೂ ಒಬ್ಬನೇ ಎಂದು ತಿಳಿದೀತು. ಆ ಪರೀಕ್ಷೆ ಬೇಡವೆಂದು ಅರ್ಜಿಯಲ್ಲಿ ಗೆರೆ ಎಳೆದವನು ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಅವನೇ.

ಮೂರನೆಯದು, ಕೈಚಳಕ. ಪ್ರತಿಯೊಬ್ಬರಿಗೂ ಎರಡು ಕಡ್ಡಿ. ಪರೀಕ್ಷಾಲಯದ ಸೂಚನೆ ಸ್ಪಷ್ಟವಾಗಿತ್ತು: ಒಂದು ಸಾಕು, ಇನ್ನೊಂದು ಮುಂಜಾಗ್ರತೆಗೆ. ಯಜಮಾನರ ಎರಡು ಕಡ್ಡಿಗಳಲ್ಲಿ ಒಂದು ಅವರ ನಳಿಕೆಯಲ್ಲೇ ಇರುತ್ತದೆ, ಇನ್ನೊಂದು ತನ್ನ ನಳಿಕೆಗೆ ಬರುತ್ತದೆ. ಯಾವ ಚೀಟಿಯೂ ಬದಲಾಗುವುದಿಲ್ಲ, ಯಾವ ಸಹಿಯೂ ನಕಲಾಗುವುದಿಲ್ಲ. ಕೈ ಹಾಕಬೇಕಾದದ್ದು ಕಾಗದಕ್ಕಲ್ಲ ಎನ್ನುವುದು ಅವನಿಗೆ ಒಂದು ಸಮಾಧಾನ. ಕಾಗದಕ್ಕೆ ಮೋಸ ಮಾಡಿದವನೆನ್ನಿಸಿಕೊಳ್ಳಲು ಅವನು ಸಿದ್ಧನಿರಲಿಲ್ಲ.

ಇದೆಲ್ಲ ನಡೆಯಲು ನಳಿಕೆಗಳ ಪೆಟ್ಟಿಗೆ ಕೆಲವು ಗಂಟೆ ತನ್ನ ಹತ್ತಿರ ಒಂಟಿಯಾಗಿ ಇರಬೇಕು. ಅದಕ್ಕೆ ಅವನು ಅರಗು ತಂದ. ಸಭೆಗೆ ಬರೆದ: ಇಷ್ಟು ಗಂಭೀರವಾದ ವಿಷಯದಲ್ಲಿ ಸಂಶಯಕ್ಕೆ ಎಡೆಯಿರಬಾರದು, ಆದ್ದರಿಂದ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಎಂಜಲು ತೆಗೆದ ಮೇಲೆ, ಸಂಜೆ ನಾಲ್ಕಕ್ಕೆ ಸಂಘದ ಮನೆಯಲ್ಲಿ, ಐದೂ ಶಾಖೆಯವರ ಎದುರಿಗೆ ಪೆಟ್ಟಿಗೆಗೆ ಮೂಲಪುರುಷನ ಮುದ್ರೆಯಿಂದ ಅರಗಿನ ಮೊಹರು ಹಾಕತಕ್ಕದ್ದು. ಜನ ಅರಗು ನೋಡಿದರೆ ಕಣ್ಣು ಮುಚ್ಚುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಪೆಟ್ಟಿಗೆ ಎಲ್ಲಿರುತ್ತದೆಂದು ಒಬ್ಬರೂ ಕೇಳಲಿಲ್ಲ. ಅಪರಾಧ ಮುಗಿದ ಮೇಲೆ ಅದಕ್ಕೆ ಕಾವಲು ಕೂರಲು ಅವರು ಸಾಲಾಗಿ ಒಪ್ಪಿದರು.

ಕ್ಲಿನಿಕ್ಕಿನಲ್ಲಿ ಶನಿವಾರ ಬೆಳಿಗ್ಗೆ ಐವರೂ ಕುರ್ಚಿಗಳ ಸಾಲಿನಲ್ಲಿ ಕೂತಿದ್ದರು. ಗೋಡೆಯ ಮೇಲೆ ದೊಡ್ಡದೊಂದು ಹಲ್ಲು ತನ್ನ ಬೇರುಗಳನ್ನೆಲ್ಲ ತೋರಿಸಿಕೊಂಡು ನಗುತ್ತಿತ್ತು.

"ನನ್ನದು ಯಾಕಮ್ಮ?" ಅಂದರು ಯಜಮಾನರು. "ನಾನು ಇಳಿಯೋನು. ನನ್ನದರಿಂದ ಏನು ತಿಳಿಯುತ್ತೆ?"

"ಅದೇ ಅಲ್ವಾ," ಅಂದ ಟೈರಿನವನು, ಯಾಕೋ ಮೆತ್ತಗೆ. "ದೊಡ್ಡಣ್ಣಂದು ಬಿಟ್ಟುಬಿಡಿ. ಉಳಿದೋರು ಕೊಟ್ರಾಯ್ತು."

ದಫ್ತರದಣ್ಣ ಬಿಡಲಿಲ್ಲ. "ಐದು ಶಾಖೆ ಅಂದ್ರೆ ಐದು. ಮೊದಲನೇದನ್ನ ಬಿಟ್ಟು ಎರಡರಿಂದ ಎಣಿಸೋಕಾಗುತ್ತಾ? ದೊಡ್ಡಣ್ಣನೇ ನಮ್ಮೆಲ್ಲರ ಅಳತೆ."

ಕನ್ನಡಕದವನು ಕೆಮ್ಮಿದ. ಫೋಟೋದವನು ಗೋಡೆಯ ಹಲ್ಲನ್ನು ನೋಡಿದ. ಡಾಕ್ಟರಮ್ಮ ತಂದೆಯ ಮುಖ ನೋಡಿದಳು; ಅವರು ಹೆಗಲು ಕುಣಿಸಿದರು.

"ಆಗಲಿ. ಅವನಿಗೆ ಅಷ್ಟು ಆಸೆ ಇದ್ರೆ ಕೊಡೋಣ," ಎಂದು ಬಾಯಿ ತೆರೆದರು.

ಎರಡನೆಯ ಶಾಖೆಯ ಸರದಿ ಬಂದಾಗ ದಫ್ತರದಣ್ಣನೂ ಬಾಯಿ ತೆರೆದ. "ದವಡೆ ಹಲ್ಲು ಒಂದು ಹುಳುಕಾಗಿದೆ ಚಿಕ್ಕಪ್ಪ, ಬಿಟ್ಟರೆ ಕೆಡುತ್ತೆ," ಅಂದಳು ಡಾಕ್ಟರಮ್ಮ, ಎರಡೂ ಕೆನ್ನೆ ಉಜ್ಜುತ್ತ. ಆಮೇಲೆ ನೋಡೋಣವೆಂದು ಅವನು ಕಡ್ಡಿಯ ಸಂದಿನಿಂದಲೇ ಹೇಳಿದ. ಸ್ವಲ್ಪ ದಿನದಲ್ಲಿ ಯಜಮಾನನಾಗುವವನ ಹಲ್ಲನ್ನು ಯಾವಾಗ ಬೇಕಾದರೂ ಸರಿಪಡಿಸಬಹುದು.

ಹನ್ನೆರಡೂವರೆಗೆ ಪೆಟ್ಟಿಗೆ ಅವನ ಮೇಜಿನ ಮೇಲಿತ್ತು. ಕಿಟಕಿಯಿಂದ ನೇರ ಬಿಸಿಲು ಬರುತ್ತಿತ್ತು. ಬೀದಿಯಲ್ಲಿ ಯಾರೋ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟು ಆಚೀಚೆ ಆಡಿಸಿ ನೋಡುತ್ತಿದ್ದರು. ಹಳೆಯ ಕಾಗದ ಮುಟ್ಟಲು ಇಟ್ಟಿದ್ದ ಬಿಳಿ ಕೈಗವಸು ಹಾಕಿಕೊಂಡ. ಒತ್ತಿದರೆ ಮುಚ್ಚುವ, ಎಳೆದರೆ ತೆರೆಯುವ ಚೀಲಗಳು, ಅಂಟಿಲ್ಲ, ಮೊಹರಿಲ್ಲ. ತನ್ನ ನಳಿಕೆಯ ಎರಡೂ ಕಡ್ಡಿಗಳನ್ನು ತೆಗೆದ. ಯಜಮಾನರ ಒಂದು ಕಡ್ಡಿಯನ್ನು ಚಿಮಟದಲ್ಲಿ ಹಿಡಿದು ದಾಟಿಸಿದ. ಮುಚ್ಚಳ, ಚೀಲ, ಚೀಟಿ. ಇಷ್ಟಕ್ಕೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಒಂದು ತಲೆಮಾರು ಬದಲಿಸಲು ಅವನ ಅಜ್ಜಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿರಲಾರದು ಎಂಬ ಕೆಟ್ಟ ಯೋಚನೆ ಬಂದು ಅವನೇ ನಾಚಿದ. ಉಳಿದ ತನ್ನ ಎರಡು ಕಡ್ಡಿಗಳನ್ನು ಸಾಬೂನು ನೀರಿನಲ್ಲಿ ತೊಳೆದು, ಟೈಪ್‌ರೈಟರಿನ ಅಕ್ಷರಗಳ ಹೊಟ್ಟೆಯಲ್ಲಿ ಕೂತಿದ್ದ ಮಸಿ ತೆಗೆಯಲು ಬಳಸಿದ. ಯಾವುದನ್ನೂ ಹಾಳುಮಾಡಬಾರದು.

ನಾಲ್ಕಕ್ಕೆ ಎಲ್ಲರೂ ಬಂದರು. ಅರಗು ಕರಗಿತು. ಮೂಲಪುರುಷನ ಮುದ್ರೆ ಬಿತ್ತು.

"ಇಷ್ಟೆಲ್ಲ ಬೇಕಿತ್ತಾ?" ಅಂದ ಟೈರಿನವನು, ಬೆರಳಿಗೆ ಅಂಟಿದ ಅರಗು ಕೀಳುತ್ತ.

"ನೀನೇ ಕೇಳಿದ್ದಲ್ಲಪ್ಪ, ರಕ್ತ ನೋಡೋಣ ಅಂತ," ಅಂದ ದಫ್ತರದಣ್ಣ. "ನೋಡೋದಾದ್ರೆ ಸರಿಯಾಗಿ ನೋಡಬೇಕು."

ಫಲಿತಾಂಶಕ್ಕೆ ಆರು ವಾರ. ಅಷ್ಟೂ ದಿನ ಅವನು ತುಂಬ ಸೌಜನ್ಯದಿಂದ ನಡೆದುಕೊಂಡ, ಕನ್ನಡಕದವನ ಮಗಳ ಮದುವೆಗೂ ಹೋಗಿ ಬಂದ. ಒಳಗೆ ಪಟ್ಟಿಗಳು ಸಿದ್ಧವಾಗುತ್ತಿದ್ದವು. ಸಭೆಯಲ್ಲಿ ಬಿಸ್ಕತ್ತು ನಿಲ್ಲತಕ್ಕದ್ದು. ಪ್ರತಿ ಶಾಖೆಯವರೂ ಏಳು ತಲೆಮಾರಿನ ಹೆಸರು ಬಾಯಿಪಾಠ ಒಪ್ಪಿಸಿದ ಮೇಲೆ ಮತ ಹಾಕತಕ್ಕದ್ದು. ಟೈರಿನವನು ಮೇಲಿನ ಮಹಡಿಗೆ ಹತ್ತತಕ್ಕದ್ದಲ್ಲ. ನಲವತ್ತೊಂದನೆಯ ಕಡತದ ಕೊನೆಯ ಪುಟದಲ್ಲಿ, ಯಜಮಾನರುಗಳ ಸಾಲಿನಲ್ಲಿ, ತನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದು ದೂರ ನಿಂತು ನೋಡಿದ. ಅಕ್ಷರಗಳು ಸ್ವಲ್ಪ ಎಡಕ್ಕೆ ವಾಲಿದ್ದವು. ಅಳಿಸಿ ಮತ್ತೆ ಬರೆದ.

ಫಲಿತಾಂಶ ಡಾಕ್ಟರಮ್ಮನಿಗೆ ಶುಕ್ರವಾರ ಬಂತೆಂದೂ ಭಾನುವಾರ ಹತ್ತಕ್ಕೆ ಸಭೆಯೆಂದೂ ಸುದ್ದಿ ಬಂತು. ಎರಡು ದಿನ ಅವಳು ಯಾರಿಗೂ ಏನೂ ಹೇಳಲಿಲ್ಲ. ಹೇಳಲು ಏನಿದೆ, ಎಲ್ಲರೂ ಹೊಂದಿರುತ್ತಾರೆ ಎಂದು ದಫ್ತರದಣ್ಣ ಕೋಟು ಇಸ್ತ್ರಿ ಮಾಡಿಸಿದ.

ಬೀಗಗಳ ನಡುವೆ ಹಾಕಿದ ಕುರ್ಚಿಗಳು ತುಂಬಿದ್ದವು. ಹೆಂಗಸರು ಹಿಂದಿನ ಸಾಲಿನಲ್ಲಿ ಕೂತಿದ್ದರು, ಎಂದಿನ ಗುಸುಗುಸು ಇರಲಿಲ್ಲ. ಡಾಕ್ಟರಮ್ಮ ನಿಂತು, ಔಷಧಿ ಚೀಟಿ ಓದುವ ದನಿಯಲ್ಲಿ ಓದಿದಳು.

"ಮೂರನೇ, ನಾಲ್ಕನೇ, ಐದನೇ ಶಾಖೆ, ಮೂವರೂ ಒಂದೇ. ಒಂದೆರಡು ಅಂಕಿ ವ್ಯತ್ಯಾಸ, ಅಷ್ಟು ಇರಬೇಕಾದ್ದೇ. ಒಬ್ಬನೇ ಮೂಲಪುರುಷ." ಹಾಳೆ ತಿರುಗಿಸಿದಳು. "ಮೊದಲನೇದು, ಎರಡನೇದು ಬೇರೆ. ಈ ಮೂವರಿಗೂ ಅವರಿಗೂ ಸಂಬಂಧ ಇಲ್ಲ. ಆದ್ರೆ ಅವೆರಡೂ ಒಂದಕ್ಕೊಂದು ಹೊಂದುತ್ತವೆ. ಮೂವತ್ತೇಳಕ್ಕೆ ಮೂವತ್ತೇಳು."

ದಫ್ತರದಣ್ಣನ ತಲೆಯಲ್ಲಿ ನಲವತ್ತೊಂದು ಕಡತಗಳು ಒಟ್ಟಿಗೆ ತೆರೆದುಕೊಂಡವು. ಅವನು ಬೇಡಿಕೊಂಡದ್ದು ಹೊಂದಾಣಿಕೆ. ಸಿಕ್ಕದ್ದು ಅದಕ್ಕಿಂತ ಎಷ್ಟೋ ದೊಡ್ಡದು. ಟೈರಿನವನು ಅಸಲಿಯಲ್ಲ. ಕನ್ನಡಕದವನೂ ಅಲ್ಲ. ಲಿಸ್ಟಿನವನೂ ಅಲ್ಲ. ಇಪ್ಪತ್ತಮೂರು ವರ್ಷ ಅವರನ್ನು ನೋಡಿ ಅವನಿಗೆ ಅನ್ನಿಸಿದ್ದನ್ನು ಈಗ ವಿಜ್ಞಾನ ಬರೆದುಕೊಟ್ಟಿತ್ತು. ಅವನು ಎದ್ದು ನಿಂತ. ಸಿದ್ಧಪಡಿಸಿದ್ದ ಭಾಷಣವನ್ನು ಜೇಬಿನಲ್ಲೇ ಬಿಟ್ಟ.

"ಇದರಲ್ಲಿ ಯಾರೂ ಬೇಜಾರು ಮಾಡ್ಕೊಬಾರದು," ಎಂದು ಬೇಜಾರಾಗುವಂತೆಯೇ ಶುರುಮಾಡಿದ. "ಮೂಲಪುರುಷರಿಗೆ ಮೊದಲ ಇಬ್ಬರು ಮಕ್ಕಳು ಹುಟ್ಟಿದ ಮೇಲೆ ಆರು ವರ್ಷ ಮಕ್ಕಳಿರಲಿಲ್ಲ. ಆ ಆರು ವರ್ಷ ಅವರು ಬೀಗ ಮಾರ್ತಾ ಊರೂರು ತಿರುಗ್ತಿದ್ರು. ಆಮೇಲೆ ಮೂರು ಜನ ಒಬ್ಬರ ಹಿಂದೊಬ್ಬರು ಹುಟ್ಟಿದ್ರು. ಯಾಕೆ, ಹೇಗೆ ಅಂತ ನಾನು ಇಷ್ಟು ವರ್ಷ ಕೇಳಲಿಲ್ಲ. ದೊಡ್ಡವರ ವಿಷಯ. ಈಗ ತಾನಾಗಿ ತಿಳೀತು. ದೊಡ್ಡಣ್ಣನ ರಕ್ತ, ನನ್ನ ರಕ್ತ ಎರಡೇ ಈ ಮನೇದು. ನಿಯಮದಲ್ಲಿ ಏನಿದೆಯೋ ಅದು ನಡೀಬೇಕು. ನಾನಂತೂ ಯಾರನ್ನೂ ಹೊರಗೆ ಹೋಗಿ ಅನ್ನಲ್ಲ. ಕೂತ್ಕೊಳ್ಳಲಿ, ಅತಿಥಿಗಳ ಹಾಗೆ."

ಟೈರಿನವನು ಮೇಲೇಳುತ್ತಾನೆ, ಕೂಗಾಡುತ್ತಾನೆ ಎಂದು ಅವನು ಕಾದ. ಟೈರಿನವನು ಏಳಲಿಲ್ಲ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ. ಲೆಕ್ಕ ತಪ್ಪು ಬರೆದು ಹೆಮ್ಮೆಯಿಂದ ತಂದು ತೋರಿಸುವ ಮಗುವನ್ನು ನೋಡುವಾಗಿನ ಸಂಕಟದಂಥದ್ದು. ಹಿಂದಿನ ಸಾಲಿನ ಹೆಂಗಸರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

"ಚಿಕ್ಕಪ್ಪ," ಅಂದಳು ಡಾಕ್ಟರಮ್ಮ, "ಎರಡನೇ ಶಾಖೆ ಅಂತ ಹೋಗಿದ್ದು ನಿಮ್ಮದೇ ಎಂಜಲಾ?"

"ನಿನ್ನ ಕೈಯಾರೆ ತೆಗೆದಿದ್ದಲ್ಲಮ್ಮ."

"ಹೌದು. ಅದಕ್ಕೇ ಕೇಳಿದೆ." ಅವಳು ಚೀಲದಿಂದ ಹೊಸದೊಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

ಯಜಮಾನರು ಕೂತಲ್ಲಿಂದಲೇ, ನಕ್ಷೆಯಲ್ಲಿ ಊರು ತೋರಿಸುವ ಮೇಷ್ಟ್ರ ತಾಳ್ಮೆಯಲ್ಲಿ ಮಾತಾಡಿದರು. "ನನಗೆ ಹನ್ನೊಂದು ತಿಂಗಳಾಗಿದ್ದಾಗ ಅಮ್ಮ ನನ್ನನ್ನ ಅನಾಥಾಲಯದಿಂದ ಎತ್ಕೊಂಡು ಬಂದಳು ಕಣೋ. ಹುಟ್ಟಿದ ದಿನ ಗೊತ್ತಿಲ್ಲ ಅಂತ ತಂದ ದಿನವೇ ಪ್ರತಿ ವರ್ಷ ಬೀದಿಗೆಲ್ಲ ಸಿಹಿ ಹಂಚೋಳು. ಪುಸ್ತಕದಲ್ಲಿ ದಿನ, ಗಳಿಗೆ ಊಹಿಸಿ ಬರೆದಿದ್ದು ಅಪ್ಪ. ಪಾಪ, ಅವನಾದರೂ ಇನ್ನೇನು ಬರೀತಾನೆ. ಇಲ್ಲಿ ಕೂತಿರೋ ಎಲ್ಲರಿಗೂ ಗೊತ್ತು, ಅಡುಗೆಮನೇಲಿ ನೂರು ಸಲ ಆಡಿರೋ ಮಾತು. ನಿನಗೂ ಗೊತ್ತು ಅಂತ್ಲೇ ನಾವು ಅಂದುಕೊಂಡಿದ್ವಿ. ನನ್ನ ಎಂಜಲು ಈ ಮನೇಲಿ ಯಾರಿಗೂ ಹೊಂದೋ ಹಾಗಿಲ್ಲ. ಹೊಂದಬೇಕಾದ್ರೆ ಅದು ನನ್ನದೇ ಆಗಿರಬೇಕು." ದಫ್ತರದಣ್ಣನಿಗೆ 'ಚರಂಡಿ ದುರಸ್ತಿ' ಕಡತ ನೆನಪಾಯಿತು. ಕಳೆದ ವರ್ಷದ ಆ ಹಾಳೆ ಇಬ್ಬರೂ ಒಂದೇ ರಕ್ತದವರಲ್ಲ ಎಂದಷ್ಟೇ ಹೇಳಿತ್ತು. ಹೊರಗಿನವನು ಯಾರೆಂದು ಹೇಳಿರಲಿಲ್ಲ. ತನ್ನ ಎಂಜಲನ್ನೇ ಕಳಿಸಿದ್ದರೆ ಅದು ಟೈರಿನವನ ಎಂಜಲಿಗೆ ಅಂಕಿಗೆ ಅಂಕಿ ಹೊಂದುತ್ತಿತ್ತು, ಇಷ್ಟು ಹೊತ್ತಿಗೆ ಯಜಮಾನಿಕೆ ತನ್ನದಾಗಿರುತ್ತಿತ್ತು. ಡಾಕ್ಟರಮ್ಮ ಪೊಟ್ಟಣ ಹರಿದಳು. "ಈ ಸಲ ಎರಡೂ ಕಡ್ಡಿ ನನ್ನ ಹತ್ರಾನೇ ಇರಲಿ," ಅಂದಳು. "ಬಾಯಿ ತೆಗೀರಿ ಚಿಕ್ಕಪ್ಪ."